ಕರೆಯುವವರೆಗೆ ನಿಲ್ಲುವ ಮನುಷ್ಯ

ಎರುವೆರಾ ತಾಮಿಹಾನರು ಯಾವ ಬಾಗಿಲನ್ನೂ ನೇರವಾಗಿ ದಾಟಿದವರಲ್ಲ. ಅದು ದೇವಾಲಯದ ಹೆಬ್ಬಾಗಿಲಿರಲಿ, ಅಂಚೆ ಕಚೇರಿಯ ಗಾಜಿನ ಕದವಿರಲಿ, ಕುರಿಹೊಲದ ತಂತಿಬೇಲಿಯ ತಡಿಕೆಯೇ ಇರಲಿ, ಹೊಸ್ತಿಲಿಗೆ ಒಂದು ಮಾರು ದೂರದಲ್ಲಿ ಅವರ ಕಾಲು ತಾನಾಗಿ ನಿಲ್ಲುತ್ತಿತ್ತು, ಟೋಪಿ ತಲೆಯಿಂದ ಕೈಗಿಳಿಯುತ್ತಿತ್ತು. ಒಳಗಿನಿಂದ ಯಾರಾದರೂ ಒಂದು ಮಾತನ್ನೋ, ಕನಿಷ್ಠಪಕ್ಷ ಒಮ್ಮೆ ಗೋಣಾಡಿಸುವ ಸೌಜನ್ಯವನ್ನೋ ದಯಪಾಲಿಸುವವರೆಗೆ ಆರಡಿ ಎತ್ತರದ ಆ ದೇಹ ಕದಲುತ್ತಿರಲಿಲ್ಲ. ಸೂಪರ್‌ಮಾರ್ಕೆಟ್ಟಿನ ತಾನೇ ತೆರೆದುಕೊಳ್ಳುವ ಬಾಗಿಲು ಅವರನ್ನು ಕಂಡು ತೆರೆದು, ಅವರು ಬಾರದಿರುವುದನ್ನು ಕಂಡು ಮುಚ್ಚಿ, ಮತ್ತೆ ತೆರೆದು, ಕೊನೆಗೆ ಕಂಗಾಲಾಗಿ ಅರ್ಧಕ್ಕೇ ನಿಂತದ್ದನ್ನು ನಾನೇ ನೋಡಿದ್ದೇನೆ. ಹಿಂದೆ ತಳ್ಳುಗಾಡಿ ಹಿಡಿದು ನಿಂತವರು ಗೊಣಗುತ್ತಿದ್ದರು. ಕಡೆಗೆ ಗಲ್ಲಾದ ಹುಡುಗಿ ಎದ್ದುನಿಂತು, “ಬನ್ನಿ ಫಾದರ್, ಬನ್ನಿ, ಬ್ರೆಡ್ಡು ಖಾಲಿಯಾಗ್ತಿದೆ!” ಎಂದು ಕೂಗಿದ ಮೇಲೆಯೇ ಅವರು ಒಳಗೆ ಹೋದದ್ದು.

ನಾನು ಬಿಷಪ್ಪರ ಕಚೇರಿಗೆ ಗುಮಾಸ್ತನಾಗಿ ಸೇರಿದ ಮೊದಲ ವಾರವೇ ಈ ಸ್ವಭಾವದ ಪರಿಚಯವಾಯಿತು. ನನ್ನ ಕೋಣೆಯ ಬಾಗಿಲಲ್ಲಿ ಕಪ್ಪು ಕೋಟಿನ ಮಾವೋರಿ ಗೃಹಸ್ಥರೊಬ್ಬರು, ಈ ನಾಡಿನ ಮೂಲಜನರಲ್ಲೊಬ್ಬರು, ಹತ್ತು ನಿಮಿಷದಿಂದ ನಿಂತಿದ್ದರು. ಹೀಟರು ರಿಪೇರಿಗೆ ಬಂದವರಿರಬೇಕೆಂದುಕೊಂಡು ನಾನು ತಲೆಯೆತ್ತದೆ ಬರೆಯುತ್ತಿದ್ದೆ.

“ಏನ್ ಬೇಕಾಗಿತ್ತು?” ಎಂದೆ ಕಡೆಗೆ.

“ಒಳಗೆ ಬರಬೇಕಾಗಿತ್ತು.”

“ಬಾಗಿಲು ತೆರೆದೇ ಇದೆಯಲ್ಲ.”

“ಬಾಗಿಲು ತೆರೆದಿದೆ ಕಣಪ್ಪಾ. ನೀನು ತೆರೆದಿಲ್ಲ,” ಎಂದರು ಅವರು, ಸ್ವಲ್ಪವೂ ಕೋಪವಿಲ್ಲದೆ.

ಅವರು ನಮ್ಮ ಆಂಗ್ಲಿಕನ್ ಸಭೆಯ, ಅಂದರೆ ಚರ್ಚಿನ, ಆರ್ಚ್‌ಡೀಕನ್ ಎಂದೂ, ಬಿಷಪ್ಪರ ಕೈಕೆಳಗಿನ ಹಿರಿಯ ಪಾದ್ರಿಯೆಂದೂ, ನನಗಿಂತ ನಾಲ್ಕು ಮೆಟ್ಟಿಲು ಮೇಲಿನವರೆಂದೂ ತಿಳಿದಾಗ ನನ್ನ ಕಿವಿ ಕೆಂಪಾಯಿತು. ಅಂದಿನಿಂದ ಇಂದಿನವರೆಗೂ ಅವರು ನನ್ನನ್ನು ಕ್ಲೈವ್ ಎಂಬ ಹೆಸರಿನಿಂದ ಕರೆಯಲೇ ಇಲ್ಲ. “ಗುಮಾಸ್ತ” ಎಂದೇ ಕರೆದರು. ಅವರ ಜನರ ಊರಂಗಳಕ್ಕೆ, ಅಂದರೆ ಮರಾಯೆಗೆ, ಬಂದವರು ಗೇಟಿನಾಚೆ ನಿಲ್ಲಬೇಕು. ಸಭಾಗೃಹದ ಜಗಲಿಯಿಂದ ಹಿರಿಯ ಹೆಂಗಸೊಬ್ಬಳ ನೀಳವಾದ ಕರೆ ಬರಬೇಕು. ಆ ಕರೆ ಬಾರದೆ ಯಾರೂ ಅಲ್ಲಿನ ಹುಲ್ಲನ್ನು ಮೆಟ್ಟುವಂತಿಲ್ಲ. ಇದು ಎಲ್ಲರಿಗೂ ಗೊತ್ತಿರುವ ಪದ್ಧತಿ. ಆದರೆ ಪೇಟೆಗೆ ಬಂದೊಡನೆ ಅದನ್ನು ಎಲ್ಲರೂ ಗೇಟಿನಲ್ಲೇ ಬಿಟ್ಟು ಬರುತ್ತಾರೆ, ಎರುವೆರಾ ಅವರು ಬಿಟ್ಟು ಬರಲಿಲ್ಲ.

ಅಷ್ಟು ದೊಡ್ಡ ಮೈಗೆ ಅವರದು ತೀರ ಚಿಕ್ಕ ಹೆಜ್ಜೆ. ಬಲಗಾಲು ಕೊಂಚ ಹೊರಕ್ಕೆ ತಿರುಗಿ, ಉತ್ತ ಹೊಲದಲ್ಲಿ ನಡೆಯುವವನ ಜಾಗರೂಕತೆಯಿಂದ ನೆಲವನ್ನು ಮುಟ್ಟುತ್ತಿತ್ತು. ಮಾತಿನಲ್ಲಿ ಅವರಿಗೊಂದು ಬಿಡಲಾಗದ ಚಟ: ಏನು ಹೇಳಿದರೂ ಕೊನೆಗೆ “ಅಂತ ನಮ್ಮಜ್ಜಿ ಹೇಳ್ತಿದ್ರು” ಎಂದು ಸೇರಿಸಬೇಕು. ಸಾಕಿ ಬೆಳೆಸಿದ ಅಜ್ಜಿಯ ಮೇಲಿನ ಭಕ್ತಿ ಅದು, ಒಪ್ಪೋಣ. ಆದರೆ ಫೋಟೋಕಾಪಿ ಯಂತ್ರ ಬಿಸಿಯಾದಾಗ ಮುಚ್ಚಳ ತೆಗೆಯಬಾರದೆಂಬುದನ್ನೂ ಅಜ್ಜಿಯೇ ಹೇಳಿರಬೇಕೆಂದರೆ ಹೇಗೆ? ಒಮ್ಮೆ ಬಿಷಪ್ಪರು ತಡೆಯಲಾರದೆ, ಅಜ್ಜಿ ತೀರಿಕೊಂಡ ವರ್ಷ ಯಾವುದೆಂದು ಕೇಳಿಯೇಬಿಟ್ಟರು.

“ಸಾವಿರದ ಒಂಬೈನೂರ ಐವತ್ತೊಂದು.”

“ಆಗ ಈ ಯಂತ್ರ ಇರಲಿಲ್ಲವಲ್ಲ, ಎರುವೆರಾ?”

“ಇರಲಿಲ್ಲ. ಅದಕ್ಕೇ ಅಜ್ಜಿ ಅಷ್ಟು ನೆಮ್ಮದಿಯಾಗಿದ್ರು.”

ಇನ್ನು ಆ ಕೋಟು. ಮೊಣಕಾಲಿಗಿಂತ ಕೆಳಗಿಳಿಯುವ, ಒರಟು ಉಣ್ಣೆಯ ಕಪ್ಪು ಪಾದ್ರಿಕೋಟು. ಒಳಪದರವನ್ನು ಮೂರು ಸಲ, ಗುಂಡಿಗಳನ್ನು ಲೆಕ್ಕವಿಲ್ಲದಷ್ಟು ಸಲ ಬದಲಾಯಿಸಿದ್ದು. ಮಳೆ ಬಂದರೆ ಒದ್ದೆ ಕುರಿಯ ವಾಸನೆ, ಬಿಸಿಲಿಗೆ ಕರ್ಪೂರದ ವಾಸನೆ. ಚಳಿಗಾಲ ಬೇಸಿಗೆಗಳ ಭೇದವಿಲ್ಲದೆ ಅವರು ಅದನ್ನು ತೊಡುತ್ತಿದ್ದರು. ಯಾರ ಎದುರಿಗೂ ಕಳಚಿದ್ದನ್ನು ನಾನು ಕಂಡಿರಲಿಲ್ಲ. ಅದು ಅವರ ಅಜ್ಜ ರೆವರೆಂಡ್ ಹಾಮಿಯೋರಾ ಅವರ ಕೋಟು, ಮತ್ತು ಅದರ ಕತೆ ಕೇಳಿದ ಮೇಲೆ ಅದರ ವಾಸನೆಯ ಬಗ್ಗೆ ನಾನು ತಮಾಷೆ ಮಾಡುವುದನ್ನು ಬಿಟ್ಟೆ.

ತೊಂಬತ್ತು ವರ್ಷಗಳ ಹಿಂದೆ ಹಾಮಿಯೋರಾ ಇದೇ ಕೋಟು ತೊಟ್ಟು ತಮ್ಮ ಊರಾದ ವೈರಾಕೌವಿನ ಅಂಗಳದಲ್ಲಿ ನಿಂತು, ಹೊಳೆದಂಡೆಯ ಮುನ್ನೂರು ಎಕರೆ ಬಯಲನ್ನು ಸಭೆಗೆ ಬರೆದುಕೊಡೋಣ, ಸಭೆ ಅಲ್ಲಿ ನಮ್ಮ ಮಕ್ಕಳಿಗೆ ಶಾಲೆ ಕಟ್ಟುತ್ತದೆ ಎಂದು ಕುಲದವರನ್ನು ಒಪ್ಪಿಸಿದರು. ಅವರ ಮಾತನ್ನು ನಂಬಿ ಎಲ್ಲರೂ ರುಜು ಹಾಕಿದರು. ಶಾಲೆಯ ಮೊದಲ ಹಲಗೆಯೂ ಏಳಲಿಲ್ಲ. ಬಯಲು ಗೇಣಿಗೆ ಹೋಯಿತು. ಅದರ ಮೇಲೆ ಪರರ ಕುರಿಗಳು ಮೇಯ್ದವು. ಹುಟ್ಟುವಳಿ ಪಟ್ಟಣದ ಪಾಕೆಹಾ ಮಕ್ಕಳ, ಅಂದರೆ ನನ್ನಂಥ ಬಿಳಿಯರ ಮಕ್ಕಳ, ಶಾಲೆಗೆ ಸಂದಿತು. ಆ ಶಾಲೆಯಲ್ಲಿ ಓದಿದವನು ನಾನೂ ಹೌದು. ಹಾಮಿಯೋರಾ ಕಾಗದದ ಮೇಲೆ ಕಾಗದ ಬರೆದು ಸೋತು, ಸಾಯುವಾಗ ಒಂದೇ ಮಾತು ಹೇಳಿದರಂತೆ: “ಆ ನೆಲ ಮನೆಗೆ ಬರೋ ತನಕ ನನ್ನನ್ನೂ ತರಬೇಡಿ.” ಅವರನ್ನು ಪಟ್ಟಣದ ಸ್ಮಶಾನದಲ್ಲಿ, ಅಪರಿಚಿತರ ನಡುವೆ ಹೂಳಿದರು. ಸತ್ತವರೆಲ್ಲ ಮನೆಯ ಹಿಂದಿನ ಗುಡ್ಡದ ಮೇಲೆ ಒಟ್ಟಿಗೆ ಮಲಗುವ ಜನಕ್ಕೆ ಇದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ.

ಅಪ್ಪ ತೀರಿಕೊಂಡಾಗ ಹದಿನೇಳರ ಹುಡುಗಿಯಾಗಿದ್ದ ಹಾಮಿಯೋರಾ ಅವರ ಕಿರಿಮಗಳು ಪಿರಿಹಿರಾ ಸಭೆಯನ್ನೂ ಕ್ಷಮಿಸಲಿಲ್ಲ, ಅಪ್ಪನನ್ನೂ ಕ್ಷಮಿಸಲಿಲ್ಲ. ಅಣ್ಣನ ಮಗ ಎರುವೆರಾ ಅದೇ ಸಭೆಯಲ್ಲಿ ಪಾದ್ರಿಯಾದ ದಿನ ಅವರು ಬಂದು ಹರಸಿದರು, ತಮ್ಮವರ ಪದ್ಧತಿಯಂತೆ ಮೂಗಿಗೆ ಮೂಗು ತಾಗಿಸಿದರು, ಆಮೇಲೆ ಹೇಳಿದರು: “ಪಾದ್ರಿ ಆಗು, ಬೇಡ ಅನ್ನಲ್ಲ. ಆದ್ರೆ ನಮ್ಮ ನೆಲ ನಿನ್ನ ಸಭೆ ಕೈಲಿರೋ ತನಕ ನಮ್ಮ ಅಂಗಳದಲ್ಲಿ ನೀನು ಬಂದವರ ಕಡೆ ಕೂತ್ಕೋ.” ಅತ್ತೆಯ ಮಾತನ್ನು ಅವರು ಮೂವತ್ತನಾಲ್ಕು ವರ್ಷ ಮೀರಲಿಲ್ಲ. ಹೆತ್ತ ತಾಯಿಯ ಶವವನ್ನು ಅಂಗಳಕ್ಕೆ ತಂದಾಗಲೂ ಎದುರು ಸಾಲಿನಲ್ಲಿ, ಅತಿಥಿಗಳ ಕುರ್ಚಿಯಲ್ಲಿ ಕೂತು ಅತ್ತರಂತೆ.

ಇಂಥ ಮನುಷ್ಯ ಯಾಕೆ ಈ ಸಭೆಯಲ್ಲೇ ಉಳಿದರು? ನಾನು ಕೇಳಿದ್ದೆ. “ನೆಲ ಎಲ್ಲಿದೆಯೋ ಅಲ್ಲೇ ನಿಂತ್ಕೋಬೇಕು ಅಂತ ನಮ್ಮಜ್ಜಿ ಹೇಳ್ತಿದ್ರು,” ಎಂದರು. ಇದನ್ನಂತೂ ಅಜ್ಜಿ ನಿಜವಾಗಿ ಹೇಳಿದ್ದಿರಬೇಕು.

ಹೀಗೆ ನಿಲ್ಲುವುದೇ ಅವರ ಹೋರಾಟದ ಕ್ರಮವಾಗಿತ್ತು. ಮನೆ ಖಾಲಿ ಮಾಡಿಸಲ್ಪಟ್ಟ ಮೂರು ಮಕ್ಕಳ ತಾಯಿಯೊಬ್ಬಳ ಜೊತೆ ವಸತಿ ಕಚೇರಿಗೆ ಹೋದವರು ಬಾಗಿಲಲ್ಲೇ ನಿಂತರು, ಆ ತಾಯಿಯೂ ಮಕ್ಕಳೂ ನಿಂತರು, ಹಿಂದಿನ ಸಾಲು ಬೀದಿಗೆ ಬೆಳೆಯಿತು. “ಒಳಗೆ ಹೋಗಿ ಇಲ್ಲಾ ಹೊರಗೆ ಹೋಗಿ!” ಎಂದು ಕಾವಲುಗಾರ ರೇಗಿದ. “ಕರೆದ್ರೆ ಬರ್ತೀವಪ್ಪಾ,” ಎಂದರು ಇವರು. ಅರ್ಧ ಗಂಟೆಯ ನಂತರ ಅಧಿಕಾರಿಯೇ ಎದ್ದು ಬಂದು ಕರೆದರು. ಕರೆದ ಮೇಲೆ ಕುರ್ಚಿ ಕೊಡಬೇಕಾಯಿತು, ಕುರ್ಚಿ ಕೊಟ್ಟ ಮೇಲೆ ಮಾತು ಕೇಳಬೇಕಾಯಿತು.

ನಮ್ಮ ಸಭೆಯಾದರೋ ತನ್ನ ಸಂವಿಧಾನವನ್ನೇ ತಿದ್ದಿಕೊಂಡು, ಮಾವೋರಿಗಳೂ ಪಾಕೆಹಾಗಳೂ ಸಮಪಾಲುದಾರರೆಂದು ಘೋಷಿಸಿ, ಆ ಘೋಷಣೆಯ ಸೌಂದರ್ಯಕ್ಕೆ ತಾನೇ ಮನಸೋತು ಕುಳಿತಿತ್ತು. “ಪಾಲುದಾರ ಅಂದ್ರೇನು ಗುಮಾಸ್ತ?” ಎಂದು ಎರುವೆರಾ ನನ್ನನ್ನು ಕೆಣಕುತ್ತಿದ್ದರು. “ಹಾಡೋಕೆ ಕರೆಯೋದಾ, ಜಮೀನಿನ ಮಾತು ಬಂದಾಗ ಕರೆಯೋದಾ?” ವರ್ಷಕ್ಕೊಮ್ಮೆ ಭೂಸಮಿತಿಯ ಮುಂದೆ ವೈರಾಕೌ ಬಯಲನ್ನು ಮರಳಿಸಬೇಕೆಂಬ ಅದೇ ಗೊತ್ತುವಳಿ ತರುತ್ತಿದ್ದರು, ವರ್ಷಕ್ಕೊಮ್ಮೆ ಸಮಿತಿ ಹೆಚ್ಚಿನ ಅಧ್ಯಯನ ಅಗತ್ಯವೆಂದು ತೀರ್ಮಾನಿಸುತ್ತಿತ್ತು. ಒಂದು ವರ್ಷ ಅಧ್ಯಕ್ಷರು, ನಿವೃತ್ತ ವಕೀಲರು, ಬೇಕೆಂದೇ ಅವರನ್ನು ಒಳಗೆ ಕರೆಯಲಿಲ್ಲ. ಎರಡೂವರೆ ಗಂಟೆ ಸಭೆ ನಡೆಯಿತು, ಎರಡೂವರೆ ಗಂಟೆ ಅವರು ಹೊಸ್ತಿಲಾಚೆ ನಿಂತರು. ಚಹಾ ತಂದ ಹೆಂಗಸು ಮೊದಲ ಲೋಟವನ್ನು ಬಾಗಿಲಲ್ಲೇ ಅವರಿಗೆ ಕೊಟ್ಟು, ಉಳಿದವರಿಗೆ ಆಮೇಲೆ ಕೊಟ್ಟಳು. ನಡಾವಳಿಯಲ್ಲಿ ನಾನು ಬರೆದೆ: “ಆರ್ಚ್‌ಡೀಕನ್ ತಾಮಿಹಾನರು ಉಪಸ್ಥಿತರಿದ್ದರು, ಬಾಗಿಲಲ್ಲಿ.” ಮುಂದಿನ ಸಭೆಯಲ್ಲಿ ಅಧ್ಯಕ್ಷರು ಆ ಕೊನೆಯ ಪದವನ್ನು ತೆಗೆಯಬೇಕೆಂದರು. ಅನುಮೋದಿಸುವವರು ಒಬ್ಬರೂ ಸಿಗಲಿಲ್ಲ. ಒಬ್ಬೊಬ್ಬರಾಗಿ ಸದಸ್ಯರು ಮೇಜನ್ನು ನೋಡುತ್ತ ಕೂತರು. ಆ ನಾಚಿಕೆಯಿಂದಲೇ ಗಾಳಿ ತಿರುಗಿತೆಂದು ನನ್ನ ನಂಬಿಕೆ.

ಎರಡು ವರ್ಷದ ನಂತರ ಸಭೆಯ ಮಾವೋರಿ, ಪಾಕೆಹಾ ಎರಡೂ ಪಕ್ಷಗಳು ಗೊತ್ತುವಳಿಯನ್ನು ಒಪ್ಪಿದವು. ಎಲ್ಲರೂ ಎದ್ದು ಚಪ್ಪಾಳೆ ತಟ್ಟುತ್ತಿದ್ದರೆ ಎರುವೆರಾ ಟೋಪಿಯಿಂದ ಮುಖ ಮುಚ್ಚಿಕೊಂಡು ಕೂತಿದ್ದರು. ಹೊರಗೆ ಬಂದು ನನ್ನ ತೋಳು ಹಿಡಿದು, “ಅತ್ತೆಗೆ ಎಂಬತ್ತೈದು ಗುಮಾಸ್ತ, ಉಸಿರು ಸರಿಯಿಲ್ಲ. ಬೇಗ ಆಗಬೇಕು,” ಎಂದರು.

ಇಲ್ಲಿ ನನ್ನ ಪಾಪವನ್ನು ಹೇಳಿಕೊಳ್ಳಬೇಕು. ಹಸ್ತಾಂತರದ ದಿನದ ಕಾರ್ಯಕ್ರಮ ಪಟ್ಟಿ ಮಾಡಿದವನು ನಾನು. ಎರುವೆರಾ ಉತ್ತರದಲ್ಲೊಂದು ಸಾವಿನ ಮನೆಗೆ ಹೋಗಿದ್ದರು. ನೇರವಾಗಿ ಸಮಾರಂಭದ ದಿನವೇ ಬಂದು ನಮ್ಮನ್ನು ಸೇರಿಕೊಳ್ಳುವವರಿದ್ದರು. ಅವರಿಲ್ಲದೆಯೂ ನಾನು ಇವರ ಪದ್ಧತಿಯನ್ನು ಬಲ್ಲೆನೆಂಬ ಹಮ್ಮು ನನಗೆ. ಬಂದವರ ಕಡೆಯ ಕೊನೆಯ ಭಾಷಣಕಾರ ಮಾತು ಮುಗಿಸಿ ಕಾಣಿಕೆಯ ಲಕೋಟೆಯನ್ನು ಹುಲ್ಲಿನ ಮೇಲಿಟ್ಟು ಹಿಂದೆ ಸರಿಯುತ್ತಾನೆ, ಮನೆಯವರಲ್ಲೊಬ್ಬ ಬಂದು ಅದನ್ನು ಎತ್ತಿಕೊಳ್ಳುತ್ತಾನೆ; ಇದನ್ನು ನೂರು ಸಲ ನೋಡಿದ್ದೆ. ಹಾಗಾಗಿ ಒಂಬತ್ತನೆಯ ಅಂಶವಾಗಿ, ದಪ್ಪ ಅಕ್ಷರದಲ್ಲಿ, “ಬಿಷಪ್ಪರು ಭೂಪತ್ರವನ್ನು ನೆಲದ ಮೇಲಿಡುವರು” ಎಂದು ಟೈಪು ಮಾಡಿದೆ. ತೀರ ಗೌರವದ ಕ್ರಮವೆಂದೇ ಭಾವಿಸಿದ್ದೆ.

ಶನಿವಾರ ಬೆಳಿಗ್ಗೆ ವೈರಾಕೌವಿನ ಗೇಟಿನಲ್ಲಿ ನಿಂತೆವು. ಜಗಲಿಯಿಂದ ಪಿರಿಹಿರಾ ಅವರ ಕರೆ ಬಂತು. ತೆಳ್ಳನೆಯ, ಹರಿದುಹೋಗುವಂಥ ದನಿ. ಆದರೂ ಹೊಳೆಯವರೆಗೆ ಕೇಳಿಸಿತು. ಒಳಗೆ ಹೋಗಿ ನಮ್ಮ ಸಾಲಿನಲ್ಲಿ ಕೂತೆವು, ಎರುವೆರಾ ನನ್ನ ಪಕ್ಕದಲ್ಲಿ. ಭಾಷಣಗಳಾದವು, ಹಾಡುಗಳಾದವು. ಬಿಷಪ್ಪರು ಕ್ಷಮೆ ಕೇಳಿದರು, ಅಲಂಕಾರವಿಲ್ಲದೆ, ಚೆನ್ನಾಗಿಯೇ ಕೇಳಿದರು. ಆಮೇಲೆ ಪಟ್ಟಿಯನ್ನೊಮ್ಮೆ ನೋಡಿ, ನಾಲ್ಕು ಹೆಜ್ಜೆ ಮುಂದೆ ಹೋಗಿ, ಭೂಪತ್ರದ ಲಕೋಟೆಯನ್ನು ಹುಲ್ಲಿನ ಮೇಲಿಟ್ಟು ಹಿಂದೆ ಬಂದು ಕೂತರು.

ಯಾರೂ ಅದನ್ನು ಎತ್ತಿಕೊಳ್ಳಲಿಲ್ಲ.

ಗಾಳಿಗೆ ಲಕೋಟೆಯ ಮೂಲೆ ಪಟಪಟಿಸಿತು. ಕೊನೆಗೆ ಮನೆಯವರ ಸಾಲಿನಿಂದ ಹಿರಿಯ ತೂರೋವಾ ಊರುಗೋಲು ಹಿಡಿದು ಎದ್ದರು. “ಬಿಷಪ್ಪರೇ, ನನ್ನ ಕುದುರೆ ಹೊಡ್ಕೊಂಡು ಹೋಗಿ, ತೊಂಬತ್ತು ವರ್ಷ ಸವಾರಿ ಮಾಡಿ, ಈಗ ನನಗೇ ಉಡುಗೊರೆ ಕೊಡೋಕೆ ಬಂದ್ರಾ? ಇದನ್ನ ನಾನು ಎತ್ಕೊಂಡ್ರೆ ನಿಮಗೆ ನಾನು ಋಣಿ ಆಗ್ತೀನಿ. ನಾಳೆ ಇದಕ್ಕಿಂತ ದೊಡ್ಡದು ನಾನು ತಂದಿಡಬೇಕು. ಏನು ತರಲಿ? ಹೊಳೆ ತರಲಾ?” ಎಂದು ಕೇಳಿ ಕೂತುಬಿಟ್ಟರು. ಜಗಲಿಯ ಮೇಲೆ ಪಿರಿಹಿರಾ ಮುಖ ತಿರುಗಿಸಿಕೊಂಡರು.

ನನ್ನ ತಪ್ಪು ನನಗೆ ಆಗ ತಿಳಿಯಿತು. ನೆಲದ ಮೇಲಿಟ್ಟದ್ದು ಕಾಣಿಕೆ, ಕಾಣಿಕೆಯೆಂದರೆ ಇಟ್ಟವನದು; ಕಸಿದದ್ದನ್ನು ಕಾಣಿಕೆಯೆಂದು ಇಡುವುದು ಎರಡನೆಯ ಸಲ ಕಸಿದಂತೆ. ಹತ್ತೊಂಬತ್ತು ವರ್ಷ ಈ ಜನರ ನಡುವೆ ತಿರುಗಿದವನಿಗೆ ಅಷ್ಟು ಹೊಳೆಯಲಿಲ್ಲವಲ್ಲ! ಹಾಗೆಂದು ನಾವು ಸುಮ್ಮನೆ ಹೋಗಿ ಅದನ್ನು ಎತ್ತಿಕೊಂಡರೆ ಕೊಟ್ಟದ್ದನ್ನು ಹಿಂದಕ್ಕೆ ಪಡೆದಂತೆ. ಬಿಷಪ್ಪರು ನನ್ನತ್ತ ನೋಡಿದರು. ನಾನು ಎರುವೆರಾ ಅವರತ್ತ ನೋಡಿದೆ. ಅವರ ಜೀವಮಾನವೆಲ್ಲ ಆ ಹುಲ್ಲಿನ ಮೇಲೆ ಗಾಳಿಗೆ ಅಲುಗುತ್ತಿತ್ತು, ಅಲ್ಲಿಟ್ಟವನು ನಾನು.

ಅವರು ಎದ್ದರು. ಆ ಚಿಕ್ಕ ಹೆಜ್ಜೆಗಳಲ್ಲಿ ಲಕೋಟೆಯ ಬಳಿಗೆ ಹೋದರು. ನಿಂತರು. ಆಮೇಲೆ ನಾನು ಎಂದೂ ಕಾಣದ್ದನ್ನು ಮಾಡಿದರು: ಅಜ್ಜನ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಅದನ್ನು ಕಳಚಿ, ಹುಲ್ಲಿನ ಮೇಲೆ ಹಾಸಿ, ಲಕೋಟೆಯನ್ನು ಅದರಲ್ಲಿ ಸುತ್ತಿ, ಎರಡೂ ತೋಳುಗಳ ಮೇಲೆ ಮಲಗಿಸಿಕೊಂಡು ಎದ್ದರು. ಎಲ್ಲರಿಗೂ ಕೇಳುವಂತೆ ಹೇಳಿದರು: “ತಪ್ಪಾಯ್ತು. ಮನೆಗೆ ಬಂದವಳನ್ನ, ಈ ಬಯಲನ್ನ, ಬಾಗಿಲಲ್ಲೇ ನೆಲದ ಮೇಲೆ ಇಟ್ಬಿಟ್ವಿ. ಹೊರಗೆ ಹೋಗಿ ಸರಿಯಾಗಿ ಕರ್ಕೊಂಡು ಬರ್ತೀವಿ.” ಅಂದು ಅವರು ಅಜ್ಜಿಯ ಹೆಸರೆತ್ತಲಿಲ್ಲ. ನನ್ನ ಪಕ್ಕ ಹಾದುಹೋಗುವಾಗ ಮೆಲ್ಲನೆ, “ಬಾ ಗುಮಾಸ್ತ, ನೀನೂ ಬಾ. ಹೆದರ್ಕೋಬೇಡ,” ಎಂದರು.

ನಾವೆಲ್ಲ ಎದ್ದು ಗೇಟಿನಾಚೆ ಹೋದೆವು. ಅವರು ನಮ್ಮೆಲ್ಲರ ಮುಂದೆ, ಹರಕು ಸ್ವೆಟರಿನಲ್ಲಿ, ತೋಳಿನ ಮೇಲೆ ಕೋಟಿನ ಗಂಟು ಹೊತ್ತು ನಿಂತರು. ದೂರದಲ್ಲಿ ತೀರಿಕೊಂಡವರ ದೇಹವನ್ನು ಊರಿಗೆ ತರುವಾಗ ಹೊದಿಕೆ ಹೊದಿಸಿ ಎಲ್ಲರಿಗಿಂತ ಮುಂದೆ ತರುತ್ತಾರೆ, ಅದು ಹುಲ್ಲಿಗಿಳಿಯದೆ ನೇರವಾಗಿ ಜಗಲಿಗೆ ಹೋಗುತ್ತದೆ. ಅವರು ಏನು ಮಾಡುತ್ತಿದ್ದಾರೆಂಬುದು ನನಗೆ ಆಗ ಹೊಳೆಯಿತು. ಆದರೆ ಕರೆ ಬರಬೇಕಲ್ಲ? ಒಳಗೆ ಯಾರೂ ಅಲುಗಲಿಲ್ಲ. ಜೀವಮಾನವಿಡೀ ಬಾಗಿಲುಗಳಲ್ಲಿ ನಿಂತು ಅಭ್ಯಾಸ ಮಾಡಿದವರು ಆ ಗೇಟಿನಲ್ಲಿ ನಿಂತಿದ್ದರು.

ಪಿರಿಹಿರಾ ತಿರುಗಿದರು. ಕೋಟನ್ನು ನೋಡಿದರು. ಒಬ್ಬಳು ಕೈಹಿಡಿಯಲು ಬಂದಳು, ಆಕೆಯ ಕೈ ಸರಿಸಿ ತಾವೇ ಎದ್ದು ನಿಂತು ಕರೆದರು. ಮೊದಲಿನ ತೆಳ್ಳನೆಯ ದನಿಯಲ್ಲ ಅದು. ಬಾ, ಬಯಲೇ ಬಾ, ಮನೆಗೆ ಬಾ ಎಂದು ಕರೆದರು. ಆಮೇಲೆ ದನಿ ಒಡೆದು, ಅಪ್ಪಾ ಬಾ ಎಂದು ಕರೆದರು. ಹೆಂಗಸರೆಲ್ಲ ಒಟ್ಟಿಗೆ ಗೋಳಿಟ್ಟರು. ಎರುವೆರಾ ನಡೆದರು, ನಾವು ಹಿಂದೆ ನಡೆದೆವು, ಬಿಷಪ್ಪರು ಮಗುವಿನಂತೆ ಅಳುತ್ತಿದ್ದರು, ನಾನೂ ಅಳುತ್ತಿದ್ದೆ, ಅದರಲ್ಲಿ ನನಗೆ ನಾಚಿಕೆಯೇನಿಲ್ಲ.

ಜಗಲಿಯಲ್ಲಿ ಸತ್ತವರ ಪಟಗಳ ನಡುವೆ, ಚಾಪೆಯ ಮೇಲೆ ಅವರು ಗಂಟನ್ನಿಳಿಸಿದರು. ಪಿರಿಹಿರಾ ಕೋಟಿನಲ್ಲಿ ಮುಖ ಹುದುಗಿಸಿ ಬಹಳ ಹೊತ್ತು ಅತ್ತರು. “ಎಷ್ಟು ತಡ ಮಾಡಿದ್ಯಪ್ಪಾ... ಎಷ್ಟು ತಡ...” ಎನ್ನುತ್ತಿದ್ದರು. ಎರುವೆರಾ ಕೆಳಗಿಳಿದು, ಅಭ್ಯಾಸಬಲದಿಂದ ನಮ್ಮ ಸಾಲಿನ ಕಡೆಗೆ ಹೊರಟರು.

“ಎಲ್ಲಿಗೋ ಹೊರಟೆ?” ಎಂದು ಹಿಂದಿನಿಂದ ಅತ್ತೆ.

ಅವರು ನಿಂತರು. ತಿರುಗಿದರು. ಎದುರು ಸಾಲಿನಲ್ಲಿ ತೂರೋವಾ ಪಕ್ಕದ ಕುರ್ಚಿಯ ಮೇಲಿದ್ದ ತಮ್ಮ ಟೋಪಿಯನ್ನು ತೆಗೆದರು. ಎರುವೆರಾ ಆ ಕುರ್ಚಿಗೆ ಒಂದು ಮಾರು ದೂರದವರೆಗೆ ಹೋಗಿ ಮತ್ತೆ ನಿಂತುಬಿಟ್ಟರು.

“ಕರೆದಾಯ್ತಲ್ಲೋ ದಡ್ಡಾ!” ಎಂದು ಪಿರಿಹಿರಾ ಮೂಗು ಒರೆಸಿಕೊಳ್ಳುತ್ತ ಗದರಿದರು. “ಇನ್ನೇನು ಪತ್ರ ಬರೀಬೇಕಾ? ಕೂತ್ಕೋ!”

ಅಂಗಳವೆಲ್ಲ ಒಮ್ಮೆಲೇ ನಕ್ಕಿತು, ಕಣ್ಣೀರೊರೆಸದೆಯೇ ನಕ್ಕಿತು. ಅವರು ಕೂತರು. ಉಸಿರು ಬಿಟ್ಟರು. ಅಷ್ಟು ಉದ್ದದ ಉಸಿರನ್ನು ಒಬ್ಬ ಮನುಷ್ಯ ಅಷ್ಟು ವರ್ಷ ಎಲ್ಲಿಟ್ಟುಕೊಂಡಿದ್ದನೋ ನಾನರಿಯೆ.

ಊಟಕ್ಕೆ ನೆಲದೊಲೆಯಲ್ಲಿ ಬೆಂದ ಕುರಿಮಾಂಸ, ಕುಮಾರಾ ಗೆಣಸು, ಹೊಗೆಯಾಡಿಸಿದ ಹಾವುಮೀನು. ನನ್ನ ಒಂಬತ್ತನೆಯ ಅಂಶದ ಸಮಾಚಾರ ಅಡುಗೆಮನೆಯನ್ನೂ ತಲುಪಿತ್ತು. “ಗುಮಾಸ್ತರ ತಟ್ಟೆಯನ್ನ ನೆಲದ ಮೇಲಿಡ್ರೇ, ಅವರಿಗೆ ಹಾಗೇ ಇಷ್ಟ!” ಎಂದು ಒಬ್ಬಾಕೆ ಕೂಗಿದಳು. ನಾನು ತಲೆತಗ್ಗಿಸಿ ಎರಡು ಸಲ ಬಡಿಸಿಕೊಂಡೆ. ಮುಂದಿನ ವಾರ ಆ ಕೋಟನ್ನೇ ಹಾಮಿಯೋರಾ ಅವರೆಂದು ಭಾವಿಸಿ, ಗುಡ್ಡದ ಮೇಲೆ ಅವರ ಹೆಂಡತಿಯ ಪಕ್ಕದಲ್ಲಿ ಹೂತು, ಮೇಲೊಂದು ಕಲ್ಲು ನಿಲ್ಲಿಸಿದರು. ಪಿರಿಹಿರಾ ಇನ್ನೂ ಎರಡು ಚಳಿಗಾಲ ಬದುಕಿದರು.

ಇಷ್ಟಾದ ಮೇಲೆ ಎರುವೆರಾ ಬಾಗಿಲಲ್ಲಿ ನಿಲ್ಲುವುದನ್ನು ಬಿಟ್ಟರೆಂದು ಯಾರಾದರೂ ತಿಳಿದರೆ ಅವರಿಗೆ ಈ ಮನುಷ್ಯ ಅರ್ಥವಾಗಿಲ್ಲ. ಕೋಟು ಹೂತ ಮರುದಿನವೇ ನನ್ನ ಕೋಣೆಯ ಹೊಸ್ತಿಲಾಚೆ, ಕೋಟಿಲ್ಲದೆ ಗಡಗಡ ನಡುಗುತ್ತ ನಿಂತಿದ್ದರು. “ಬನ್ನಿ, ಬನ್ನಿ,” ಎಂದು ನಾನು ಎದ್ದು ಓಡಿದೆ. ಹೀಟರಿನ ಮುಂದೆ ಕೈಚಾಚಿ, “ಚಳಿಗಾಲದಲ್ಲಿ ಕೋಟು ಹಾಕ್ಕೋಬೇಕು ಅಂತ ನಮ್ಮಜ್ಜಿ ಹೇಳ್ತಿದ್ರು,” ಎಂದರು. ಈಗ ಅವರು ನಿವೃತ್ತರಾಗಿ ವೈರಾಕೌವಿನಲ್ಲೇ ಇದ್ದಾರೆ. ನಾನು ನೋಡಲು ಹೋದಾಗ ಗೇಟಿನಲ್ಲಿ ಟೋಪಿ ತೆಗೆದು ನಿಲ್ಲುತ್ತೇನೆ, ಒಳಗಿನಿಂದ, “ಬಾರೋ ಗುಮಾಸ್ತ, ಚಹಾ ಆರ್ತಿದೆ!” ಎಂಬ ದನಿ ಬರುವವರೆಗೆ ಒಂದು ಹೆಜ್ಜೆಯೂ ಇಡುವುದಿಲ್ಲ.

ಅನ್ಯಾಯದ ಮುಂದೆ ಬಾಗಿಲನ್ನು ಒಡೆಯುವವರಿದ್ದಾರೆ, ಬೇಸತ್ತು ಬೆನ್ನು ತಿರುಗಿಸಿ ಹೋಗುವವರಿದ್ದಾರೆ. ಇಬ್ಬರಿಗೂ ಅವರವರ ನ್ಯಾಯವಿದೆ, ಅವರನ್ನು ನಾನು ತೂಗಲಾರೆ. ಮೂರನೆಯ ಜಾತಿಯ ಕೆಲವರು ಒಡೆಯುವುದೂ ಇಲ್ಲ, ಹೋಗುವುದೂ ಇಲ್ಲ. ಅವರು ಹೊಸ್ತಿಲಲ್ಲಿ ನಿಂತಿರುತ್ತಾರೆ, ಒಳಗಿರುವವರ ಚಹಾ ರುಚಿ ಕೆಡುವವರೆಗೆ ನಿಂತಿರುತ್ತಾರೆ. ನಾವು ಅವರನ್ನು ಒಳಗೆ ಕರೆದೆವೆಂದು ಹೆಮ್ಮೆಪಡುತ್ತೇವೆ. ನಿಜದಲ್ಲಿ, ಕರೆಯುವುದು ಹೇಗೆಂದು ನಮಗೆ ಕಲಿಸುವುದಕ್ಕಾಗಿಯೇ ಅವರು ಅಷ್ಟು ವರ್ಷ ಹೊರಗಿದ್ದರು.